ಒಪ್ಪಂದದ ನಂತರದ ಕೆಲಸಕ್ಕೂ ಓದು ಬೇಕು

ಉತ್ತರ ಐರ್ಲೆಂಡಿನ ಗುಡ್ ಫ್ರೈಡೇ ಒಪ್ಪಂದ ಆದದ್ದು 1998ರ ಏಪ್ರಿಲ್ 10ರಂದು. ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಹಿಂಸಾಚಾರ ಆಮೇಲೆ ಬಹುಮಟ್ಟಿಗೆ ತಣ್ಣಗಾಯಿತು; ಮೇ ತಿಂಗಳ ಜನಮತಗಣನೆಯಲ್ಲಿ ಅಲ್ಲಿನ ಶೇ 71ರಷ್ಟು ಮತದಾರರು ಒಪ್ಪಂದಕ್ಕೆ ಹೂಂ ಎಂದರು. ಆದರೂ ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಬಡಾವಣೆಗಳ ನಡುವಿನ ಗೋಡೆಗಳು ನಿಂತೇ ಇವೆ. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆಂದು ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಗಡುವು ಮುಗಿಯಿತು, ಗೋಡೆಗಳು ಉಳಿದವು. ಎರಡೂ ಸಮುದಾಯದ ಮಕ್ಕಳು ಒಟ್ಟಿಗೆ ಕೂತು ಕಲಿಯಲೆಂದು ಮೊದಲ ಶಾಲೆ, ಲಗಾನ್ ಕಾಲೇಜು, 1981ರಲ್ಲೇ ಶುರುವಾಗಿತ್ತು. ಅಂಥ ಶಾಲೆಗಳಿಗೆ ಹೋಗುವವರು ಇವತ್ತಿಗೂ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ.

ಗುಂಡಿನ ಸದ್ದು ಅಡಗುವುದಕ್ಕೂ ನೆರೆಹೊರೆ ಮತ್ತೆ ಕೂಡಿ ಬಾಳುವುದಕ್ಕೂ ನಡುವೆ ಇರುವ ಈ ದೂರವೇ ಶಾಂತಿ ನಿರ್ಮಾಣ ಮತ್ತು ಸೌಹಾರ್ದ ಮರುಸ್ಥಾಪನೆ ಎಂಬ ಸ್ನಾತಕೋತ್ತರ ಅಧ್ಯಯನದ ವಸ್ತು. ನಾರ್ವೆಯ ಯೊಹಾನ್ ಗಾಲ್ಟುಂಗ್ 1959ರಲ್ಲಿ ಓಸ್ಲೊದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದರು. ಬ್ರಿಟನ್ನಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯ 1973ರಲ್ಲಿ ವಿಭಾಗವನ್ನೇ ತೆರೆಯಿತು. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ 2004ರಿಂದ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರವಿದೆ. ಇಷ್ಟಾದರೂ ಇದನ್ನು ನೀತಿಬೋಧೆಯೆಂದು ತಿಳಿದು ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಳ್ಳೆಯತನವನ್ನು ತರಗತಿಯಲ್ಲಿ ಕಲಿಸಲಾದೀತೇ ಎಂದು ಅವರು ಕೇಳುತ್ತಾರೆ. ಆಗದು, ನಿಜ. ಆದರೆ ಬೆಲ್‌ಫಾಸ್ಟ್‌ನ ಗೋಡೆ ಏಕೆ ಬೀಳಲಿಲ್ಲ ಎಂದು ಅರಿಯಬೇಕಾದರೆ ಮನೆ ಹಂಚಿಕೆಯ ಕಡತ ಓದಲು, ಶಾಲಾ ದಾಖಲಾತಿಯ ಲೆಕ್ಕ ಬಿಡಿಸಲು, ಗೋಡೆಯ ಎರಡೂ ಬದಿಯವರನ್ನು ಮಾತಾಡಿಸಲು ಬರಬೇಕು. ಇವನ್ನೆಲ್ಲ ಕಲಿಸಬಹುದು. 1946–47ರಲ್ಲಿ ಕೋಮುಗಲಭೆಗೆ ಸಿಲುಕಿದ್ದ ಬಂಗಾಳದ ನವಖಾಲಿಗೆ ಹೋದ ಗಾಂಧೀಜಿಗೂ ಒಂದು ವಿಧಾನವಿತ್ತು: ಸಂಗಡಿಗರನ್ನು ಬೇರೆ ಬೇರೆ ಹಳ್ಳಿಗಳಲ್ಲಿ ನೆಲೆಗೊಳಿಸಿ ತಾವು ಊರಿಂದೂರಿಗೆ ನಡೆದರು. ಅದನ್ನು ಮಹಾತ್ಮರ ಮಹಿಮೆಯೆಂದು ಕೈಮುಗಿದು ಬಿಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನೊಂದವರದು. ಸೌಹಾರ್ದದ ಹೆಸರಿನಲ್ಲಿ ನ್ಯಾಯ ಬಿಟ್ಟುಕೊಡಿ ಎನ್ನುತ್ತೀರಾ ಎಂಬ ಅವರ ಪ್ರಶ್ನೆಗೆ ದಕ್ಷಿಣ ಆಫ್ರಿಕಾದ ಅನುಭವ ಪುಷ್ಟಿ ಕೊಡುತ್ತದೆ. ಡೆಸ್ಮಂಡ್ ಟುಟು ನೇತೃತ್ವದ ಸತ್ಯ ಮತ್ತು ಸೌಹಾರ್ದ ಆಯೋಗ 1996ರಲ್ಲಿ ಅಹವಾಲು ಕೇಳಲಾರಂಭಿಸಿತು. ವರ್ಣಭೇದ ಆಡಳಿತದ ಕಾಲದಲ್ಲಿ ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧದ ಪೂರ್ಣ ಸತ್ಯ ಹೇಳಿದವರಿಗೆ ಕ್ಷಮಾದಾನ, ಉಳಿದವರಿಗೆ ವಿಚಾರಣೆ ಎಂಬುದು ಕರಾರು. ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಕ್ಷಮಾದಾನ ಸಿಕ್ಕಿದ್ದು 849 ಮಂದಿಗೆ. ಆಯೋಗ ಒಪ್ಪಿಸಿದ ಸುಮಾರು 300 ಪ್ರಕರಣಗಳಲ್ಲಿ ಕೋರ್ಟಿನ ಮೆಟ್ಟಿಲೇರಿದವು ಬೆರಳೆಣಿಕೆಯಷ್ಟು. ಸಂತ್ರಸ್ತರಿಗೆ ಆರು ವರ್ಷ ನೆರವು ಕೊಡಬೇಕೆಂಬ ಶಿಫಾರಸು 2003ರಲ್ಲಿ ತಲಾ 30,000 ರ್‍ಯಾಂಡ್‌ಗೆ ಇಳಿಯಿತು, ಅದೂ ಒಂದೇ ಸಲಕ್ಕೆ. ವಿಚಾರಣೆಗಳನ್ನು ಬೇಕೆಂದೇ ತಡೆಯಲಾಯಿತೇ ಎಂದು ತಿಳಿಯಲು 2025ರಲ್ಲಿ ಅಧ್ಯಕ್ಷ ಸಿರಿಲ್ ರಾಮಫೋಸಾ ಮತ್ತೊಂದು ಆಯೋಗ ನೇಮಿಸಬೇಕಾಯಿತು. ನೊಂದವರು ಸಾರ್ವಜನಿಕವಾಗಿ ಕಣ್ಣೀರಿಟ್ಟು ತಮ್ಮ ಪಾಲಿನ ಕರಾರು ತೀರಿಸಿದ್ದರು. ತೀರಿಸದೆ ಉಳಿದದ್ದು ಸರ್ಕಾರ. ಟುಟು, ಮಂಡೇಲಾ ಅವರ ಹಿರಿಮೆಯನ್ನಷ್ಟೇ ಓದಿಸಿ, ಮೂಲೆಗೆ ಬಿದ್ದ ಈ ಕಡತಗಳನ್ನು ಮುಟ್ಟಿಸದ ಪಠ್ಯಕ್ರಮದಿಂದ ಹೊರಬರುವವರು ಒಳ್ಳೆಯ ಭಾಷಣಕಾರರು ಮಾತ್ರ. ಈ ವಿಷಯದ ನಿಜವಾದ ಪಠ್ಯ ವೈಫಲ್ಯಗಳೇ.

ಅವಕ್ಕಾಗಿ ಸಮುದ್ರ ದಾಟಬೇಕಾಗಿಯೂ ಇಲ್ಲ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ 1991ರ ಡಿಸೆಂಬರ್‌ನಲ್ಲಿ ಗೆಜೆಟ್ಟಿಗೆ ಬಂದೊಡನೆ ಬೆಂಗಳೂರಿನಲ್ಲಿ ತಮಿಳರ ಮೇಲೆ ದಾಳಿಗಳಾದವು. ಅಂತಿಮ ಐತೀರ್ಪು 2007ರಲ್ಲಿ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಸ್ಸುಗಳು ಉರಿದವು. ಸುಪ್ರೀಂ ಕೋರ್ಟ್ 2018ರಲ್ಲಿ ನೀರಿನ ಪಾಲು ಹೇಳಿತು. ನೆರೆಯವರ ನಡುವಿನ ನಂಬಿಕೆ ಯಾವ ನ್ಯಾಯಪೀಠದ ವ್ಯಾಪ್ತಿಗೂ ಬರುವುದಿಲ್ಲ. ಅದಕ್ಕೆ ಕೈಹಾಕಿದ್ದು 2003ರಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ರೈತರು ಸೇರಿ ಕಟ್ಟಿಕೊಂಡ ‘ಕಾವೇರಿ ಕುಟುಂಬ’. ಅವರು ಪರಸ್ಪರರ ಗದ್ದೆಗಳಿಗೆ ಹೋಗಿ ಬಂದರು, ಸಂಕಷ್ಟದ ವರ್ಷದಲ್ಲಿ ನೀರು ಹಂಚಿಕೊಳ್ಳುವ ಲೆಕ್ಕ ಹಾಕಿದರು. ಆ ಪ್ರಯತ್ನ ಎಲ್ಲಿಯವರೆಗೆ ಸಾಗಿತು, ಯಾಕೆ ಮುಂದುವರಿಯಲಿಲ್ಲ ಎಂಬುದು ಎಂ.ಎ. ವಿದ್ಯಾರ್ಥಿಯೊಬ್ಬರಿಗೆ ಒಳ್ಳೆಯ ಪ್ರಬಂಧದ ವಸ್ತು.

ಕೆಲಸ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ವಿಶ್ವಸಂಸ್ಥೆಯ ಹುದ್ದೆ ತೋರಿಸಿ ಆಸೆ ಹುಟ್ಟಿಸುವುದು ಮೋಸ. ಈ ಓದು ಈಗಾಗಲೇ ಕೆಲಸದಲ್ಲಿರುವ ಪೊಲೀಸ್ ಅಧಿಕಾರಿ, ತಹಶೀಲ್ದಾರ್, ಪತ್ರಕರ್ತ, ಶಿಕ್ಷಕರಿಗೆ ಹೆಚ್ಚು ಒದಗುತ್ತದೆ. ಸಂಜೆಯ ಅಥವಾ ಅರೆಕಾಲಿಕ ಕೋರ್ಸ್ ಆದರೆ ಸಾಕು. ಮೈಸೂರು ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳು ಜಂಟಿಯಾಗಿ ಇದನ್ನು ಆರಂಭಿಸಲಿ. ಮಂಡ್ಯದ ವಿದ್ಯಾರ್ಥಿಯ ಕ್ಷೇತ್ರಕಾರ್ಯ ತಂಜಾವೂರಿನಲ್ಲಿ, ತಂಜಾವೂರಿನವರದ್ದು ಮಂಡ್ಯದಲ್ಲಿ ನಡೆಯಲಿ.