ಗ್ಲಾಸಿಗೊಂದು ನ್ಯಾಯ, ಮಡಕೆಗೊಂದು ನ್ಯಾಯ

ಹೆಂಡದ ಪರವಾಗಿ ಟೀಚರಮ್ಮ ಬರೆದಳೆಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಕುಡಿತದಿಂದ ಹಾಳಾದ ಮನೆಗಳ ಮಕ್ಕಳಿಗೆ ಪಾಠ ಹೇಳಿದವಳು ನಾನು. ಕುಡಿತವನ್ನು ಹೊಗಳುವ ಚಪಲ ನನಗಿಲ್ಲ. ನನ್ನ ತಕರಾರು ನ್ಯಾಯದ್ದು.

2010ರಿಂದೀಚೆಗೆ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಸಾಲಾಗಿ ಎದ್ದಿವೆ. ಗಿರಾಕಿಯ ಕಣ್ಣೆದುರೇ ಹಂಡೆಗಳಲ್ಲಿ ಬಿಯರ್ ಹುದುಗುತ್ತದೆ. ಅದಕ್ಕೆ ‘ಕ್ರಾಫ್ಟ್’ ಎಂಬ ಗೌರವದ ಹೆಸರು. ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು ಹೆಚ್ಚಾಗಿ ಪರದೇಶದ್ದು. ಅಲ್ಲಿಯ ಜನ ಹಿತ್ತಲಲ್ಲೇ ಆ ಬಳ್ಳಿ ಹಬ್ಬಿಸಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುತ್ತಾರೆ. ಇಂಗ್ಲೆಂಡ್ 1963ರಲ್ಲಿ, ಅಮೆರಿಕ 1978ರಲ್ಲಿ ಅವರ ಮೇಲಿನ ಕಟ್ಟು ಸಡಿಲಿಸಿದವು.

ಆ ಬಳ್ಳಿಗೆ ಕೊರೆಯುವ ಚಳಿಗಾಲ ಬೇಕು, ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಹಿಮಾಚಲದ ಲಾಹುಲ್ ಕಣಿವೆಯಲ್ಲಿ ಬೆಳೆದೀತು, ಹಗಲು 13 ಗಂಟೆ ಮೀರದ ನಮ್ಮ ಆದಿವಾಲದಲ್ಲಿ ಅಲ್ಲ. ನಮ್ಮದೇನಿದ್ದರೂ ವಾಣಿವಿಲಾಸ ಸಾಗರದ ನೀರುಂಡ ತೆಂಗು, ಹಳ್ಳದ ದಂಡೆಯ ಈಚಲು. ಅವಕ್ಕೆ ಸ್ಟೀಲಿನ ಹಂಡೆ ಬೇಡ. ಮಡಕೆ ಕಟ್ಟಿದರೆ ರಸ ತಾನೇ ಹುಳಿಯುತ್ತದೆ. ಆದರೆ 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಸೇಂದಿ ನಿಷಿದ್ಧವಾಯಿತು. ಹುಳಿಯದ ನೀರಾ ಇಳಿಸಲು ಬಿಡಿ ಎಂದು, ತೆಂಗಿಗೆ ನುಸಿಪೀಡೆ ಬಂದಾಗ ಕೇಳಿದ ರೈತರ ಮೇಲೆ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗುಂಡು ಹಾರಿತು, ಜೀವಗಳು ಹೋದವು.

2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕುಡಿತ ನಿಂತಿತೆ? ಹಳ್ಳಿಯ ಬೀಡಿ ಅಂಗಡಿಗಳಲ್ಲಿ 90 ಮಿ.ಲೀ. ಪ್ಯಾಕೆಟ್ಟು ಕಳ್ಳತನದಲ್ಲಿ ಸಿಗುತ್ತದೆ. ಶೇಕಡಾ ಲೆಕ್ಕ ಕಲಿಸುವವಳು ನಾನು, ಹೇಳುತ್ತೇನೆ: ಶೇ. 42.8ರ ಆ ಪ್ಯಾಕೆಟ್ಟಿನಲ್ಲಿ 38.5 ಮಿ.ಲೀ. ಮದ್ಯಸಾರ, ಶೇ. 5ರ ಅರ್ಧ ಲೀಟರ್ ಸೇಂದಿಯಲ್ಲಿ 25. ಕಡಿಮೆಯದು ಅಪರಾಧ, ಹೆಚ್ಚಿನದು ಖಜಾನೆಗೆ ಆದಾಯ!

ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ನಿಜ, ಅದು ವಿಷವೇ. ಆದರೆ ಮರ ಕೊಟ್ಟದ್ದಕ್ಕಿಂತ ಹೆಚ್ಚು ಮಾರಬೇಕೆಂಬ ವ್ಯಾಪಾರಿಗೆ ಬೆರಕೆ ಬೇಕು. ತನ್ನ ಮರದ್ದನ್ನು ತಾನೇ ಇಳಿಸಿಕೊಳ್ಳುವವನಿಗೆ ಯಾಕೆ?

1939ರಲ್ಲಿ ಇದೇ ಜಿಲ್ಲೆಯ ತುರುವನೂರಿನಲ್ಲಿ ನಿಜಲಿಂಗಪ್ಪನವರಂಥ ಹಿರಿಯರು ಈಚಲು ಮರ ಕಡಿಯುವ ಸತ್ಯಾಗ್ರಹ ಮಾಡಿದರು. ಅವರ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆದರೆ ಈಗ ನೋಡಿ, ಈಚಲು ಹೋಯಿತು, ಸರ್ಕಾರದ ಅಬಕಾರಿ ಆದಾಯ ಹೋಗಲಿಲ್ಲ.

ಪಾನನಿಷೇಧ ಮಾಡುವುದಾದರೆ ಬೆಂಗಳೂರಿನ ಹಂಡೆಗಳಿಂದಲೇ ಶುರುವಾಗಲಿ. ನಮ್ಮೂರ ಹೆಂಗಸರು ಆರತಿ ಎತ್ತುತ್ತಾರೆ. ಆಗದಿದ್ದರೆ, ಮೊದಲು ಬೀಡಿ ಅಂಗಡಿಯ ಪ್ಯಾಕೆಟ್ಟು ನಿಲ್ಲಿಸಿ. ಆಮೇಲೆ ನಾಲ್ಕು ಮರದ ರೈತನಿಗೂ, ಮರ ಹತ್ತುವ ಕಸುಬು ಬಲ್ಲವನಿಗೂ, ಬೆರಕೆ ಪರೀಕ್ಷೆಯ ಷರತ್ತು ಹಾಕಿ, ಸಣ್ಣ ಶುಲ್ಕದ ಪರವಾನಗಿ ಕೊಡಿ. ಪಟ್ಟಣದವನು ಹುದುಗಿಸಿದರೆ ಕಲೆ, ಹಳ್ಳಿಯವನು ಹುದುಗಿಸಿದರೆ ಕೇಸು ಎಂಬ ಪಾಠವನ್ನು ಯಾವ ಮಕ್ಕಳಿಗೂ ನಾನು ಹೇಳಿಕೊಡಲಾರೆ.