ಕಂಪ್ಯೂಟರಿನ್ಯಾಗೂ ಒಂದು ಮಸಾಲಿ ಡಬ್ಬಿ ಇರ್ಲಿ

ಬ್ಯಾಸಗಿ ಬಂತಂದ್ರ ವರ್ಷಕ್ಕಾಗೋವಷ್ಟು ಮಸಾಲಿ ಖಾರ ಕುಟ್ಟಿಸಿ ಡಬ್ಬಿ ತುಂಬಿ ಇಡೋ ಮಂದಿ ನಾವು. ದಿನಾ ಪಲ್ಯಾಕ್ಕ ಒಗ್ಗರಣಿ ಹಾಕೋ ಮುಂದ ಯಾರೂ ಧನಿಯಾ ಹುರೀಲಿಕ್ಕೆ ಕೂಡೂದಿಲ್ಲ. ಆದ್ರ ಕಂಪ್ಯೂಟರ್ ಮುಂದ ಕೂತ ಕೂಡ್ಲೇ ಈ ಶ್ಯಾಣೇತನ ಎಲ್ಲಿ ಹೋಗ್ತದೋ ಏನೋ! ಅದ ಮನಿ ಅಡ್ರೆಸ್ಸು, ಅದ ಪಿನ್‌ಕೋಡು, ಅದ ಬ್ಯಾಂಕಿನ ಐಎಫ್‌ಎಸ್‌ಸಿ ನಂಬರು, ಪ್ರತಿ ಸಲ ಹೊಸದಾಗಿ ಟೈಪ್ ಮಾಡ್ಕೋತ ಕೂಡ್ತೀವಿ.

ಇದಕ್ಕಂತನ ಟೆಕ್ಸ್ಟ್ ಎಕ್ಸ್‌ಪಾಂಡರ್ ಅಂತ ಒಂದು ಸಾಮಾನು ಅದ. ಮೂರ್ನಾಕು ಅಕ್ಷರದ್ದೊಂದು ಗುರ್ತು ಹೇಳಿಕೊಟ್ಟಿಟ್ರ, ಅದನ್ನ ಹೊಡದ ಕೂಡ್ಲೇ ಪೂರ್ತಿ ಮಾತು ತಾನ ಬಂದು ಕೂಡ್ತದ. ಗುರ್ತಿನ ಮುಂದ ಒಂದು ಸೆಮಿಕೋಲನ್ ಇಡ್ರಿ. ಇಲ್ಲಾಂದ್ರ ಬ್ಯಾರೆ ಏನೋ ಬರಿಯೋ ಮುಂದ ನಡುವ ನಿಮ್ಮ ಅಡ್ರೆಸ್ಸು ಬಂದು ಕೂಡ್ತದ!

ಇದು ಆಫೀಸಿನವರ ಸಾಮಾನು, ನಮಗ್ಯಾಕ ಅಂತೀರೇನು? ನಮ್ಮ ಓಣಿಯೊಳಗ ಒಬ್ಬ ವೈನಿ ಶೇಂಗಾ ಹೋಳಿಗಿ, ಚಟ್ನಿಪುಡಿ ಮಾಡಿ ಮಾರ್ತಾರ. ಕೇಳೋವ್ರೆಲ್ಲಾ ಕೇಳೂದು ಒಂದ: ರೇಟ್ ಎಷ್ಟು, ಎಷ್ಟು ದಿನಾ ಇರ್ತಾವು, ರೊಕ್ಕಾ ಎಲ್ಲೆ ಹಾಕ್ಬೇಕು. ನಲವತ್ತು ಶಬ್ದದ ಉತ್ತರಾ ಹನ್ನೆರಡು ಮಂದಿಗೆ ಬರದ್ರ 480 ಶಬ್ದ ಆತು. ಈ ಲೇಖನಕ್ಕಿಂತ ಹೆಚ್ಚು! ಅದೂ ಸಂಜಿ ಅಡಗಿ, ಭಾಂಡಿ ಎಲ್ಲಾ ಮುಗದ ಮ್ಯಾಲ, ನಿದ್ದಿ ಬಿಟ್ಟು. "ನಾಕು ಸಾಲು ಬರದ್ರ ಕೈ ಸವೀತಾವೇನು?" ಅಂತ ಮನಿಯಾಗ ಕೇಳ್ತಾರ. ಆಫೀಸಿನ್ಯಾಗ ಕೆಲಸಾ ಮಾಡೋರ ಹತ್ತು ನಿಮಿಷಕ್ಕ ಲೆಕ್ಕಾ ಅದ, ನಮ್ಮ ಹತ್ತು ನಿಮಿಷಕ್ಕ ಇಲ್ಲ. ಅದಕ್ಕ ಇಂಥಾವು ನಮಗ ಯಾರೂ ಕಲಿಸೂದಿಲ್ಲ. ನಾವ ಕಲೀಬೇಕು.

ಶುರು ಮಾಡ್ಲಿಕ್ಕೆ ಹೊಸಾದೇನೂ ಹಾಕ್ಕೋಳೂದು ಬ್ಯಾಡ. ವಿಂಡೋಸ್ ಕಂಪ್ಯೂಟರಿನ್ಯಾಗ ವರ್ಡ್ ಇದ್ರ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್, ಹಿಂಗ ಹೋಗ್ರಿ. 'ರಿಪ್ಲೇಸ್' ಅನ್ನೋ ಖಾನೆಯೊಳಗ ಗುರ್ತು, 'ವಿತ್' ಅನ್ನೂದರಾಗ ಪೂರ್ತಿ ಮಾತು ಬರದು 'ಆ್ಯಡ್' ಒತ್ರಿ. ಮ್ಯಾಕ್ ಇದ್ದವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಒಳಗ ಟೆಕ್ಸ್ಟ್ ರಿಪ್ಲೇಸ್‌ಮೆಂಟ್ಸ್ ಅಂತ ಮೊದಲ ಇರ್ತದ.

ವರ್ಡಿಂದು ವಾಟ್ಸಾಪ್ ವೆಬ್ಬಿನ್ಯಾಗ ನಡಿಯೂದಿಲ್ಲ. ಎಲ್ಲಾ ಕಡೆ ಬೇಕಂದ್ರ ಎಸ್ಪಾನ್ಸೊ ಅಂತ ಒಂದದ, ರೊಕ್ಕಾ ಕೊಡೂದಿಲ್ಲ. ಅದನ್ನ ಅದರ ಸ್ವಂತ ವೆಬ್‌ಸೈಟಿನಿಂದನ ಇಳಿಸ್ಕೋರಿ, ಯಾಕಂದ್ರ ಇಂಥಾ ಆ್ಯಪು ನೀವು ಒತ್ತೋ ಕೀಲಿ ಎಲ್ಲಾ ನೋಡ್ಕೋತ ಇರ್ತದ. ಗುರ್ತುಗಳನ್ನ ಒಂದು ಫೈಲಿನ್ಯಾಗ ಬರೀಬೇಕಾಗ್ತದ, ಸಾಲಿನ ಮುಂದಿನ ಖಾಲಿ ಜಾಗಾ ಒಂದು ಹೆಚ್ಚುಕಡಿಮಿ ಆದ್ರೂ ಅದು ಹಟಾ ಹಿಡೀತದ. ಮೊದಲ್ನೇದನ್ನ ಮಗಳೋ ಸೊಸೀನೋ ತೋರಿಸ್ಲಿ, ಎರಡನೇದನ್ನ ನೀವ ಬರೀರಿ. ಅವರ ಕೈಲೆ ಎಲ್ಲಾ ಮಾಡಿಸ್ಕೊಂಡ್ರ, ರೇಟ್ ಬದಲಾದಾಗ ಮತ್ತ ಅವರನ್ನ ಕಾಯೂದಾಗ್ತದ.

ಕನ್ನಡದ ವಿಷಯ ಒಂದಿಷ್ಟು. ಪೂರ್ತಿ ಮಾತು ಕನ್ನಡದಾಗ ಇಡಬಹುದು, ಯೂನಿಕೋಡ್ ಇದ್ರ ಆತು. ಆದ್ರ ಗುರ್ತು ಇಂಗ್ಲಿಷಿನ್ಯಾಗ ಇದ್ರ, ಕೀಬೋರ್ಡ್ ಕನ್ನಡಕ್ಕ ಇದ್ದಾಗ ಆ ಅಕ್ಷರ ಬೀಳೂದಿಲ್ಲ. ವಿಂಡೋಸ್ ಕೀಲಿ ಜೋಡಿ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಹೋಗಿ ಗುರ್ತು ಹೊಡೀರಿ, ಹಂಗ ವಾಪಸ್ ಬರ್ರಿ.

ಡಬ್ಬಿಯೊಳಗ ಏನು ಇಡಬಾರದು? ಪಾಸ್‌ವರ್ಡು, ಎಟಿಎಂ ಪಿನ್ನು ಅಗದೀ ಬ್ಯಾಡ. ಎಸ್ಪಾನ್ಸೊ ಫೈಲು ಯಾರು ತಗದು ನೋಡಿದ್ರೂ ಓದಲಿಕ್ಕೆ ಬರ್ತದ. ಇಟ್ಟದ್ದನ್ನ ಆಗಾಗ ನೋಡ್ಕೋರಿ: ಖಾತೆ ನಂಬರಿನ್ಯಾಗ ಒಂದು ಅಂಕಿ ತಪ್ಪಿದ್ರ ಎಲ್ಲಾರಿಗೂ ತಪ್ಪ ಹೋಗ್ತದ.

ಇನ್ನೊಂದು ನನ್ನ ಹಟಾ. ಯಾರ ಮನಿಯಾಗರೆ ಹಿರಿಯರು ತೀರ್ಕೊಂಡಾಗ ಕಳಿಸೋ ಮಾತನ್ನ ಡಬ್ಬಿಗೆ ಹಾಕಬ್ಯಾಡ್ರಿ. ಎಲ್ಲಾರಿಗೂ ಒಂದ ನಮೂನಿ ಸಾಲು ಹೋದ್ರ, ದುಃಖದಾಗ ಇದ್ದವರಿಗೂ ಅದು ಗೊತ್ತಾಗ್ತದ. "ನಿಮ್ಮ ಅತ್ತಿ ನನಗ ಚಕ್ಕುಲಿ ಕಲಿಸಿದ್ರು" ಅಂತ ಒಂದ ಸಾಲು ತಡವರಿಸಿ ಬರದ್ರೂ ಛಲೋ. ರೇಟ್ ಬರಿಯೋದರಾಗ ಉಳಿಸಿದ ಹೊತ್ತು ಇಂಥಾದಕ್ಕ ಬೇಕು.

ಈ ವಾರ ಒಂದು ಚೀಟಿ ಇಟ್ಕೋರಿ, ಎರಡಕಿಂತ ಹೆಚ್ಚು ಸಲ ಟೈಪ್ ಮಾಡಿದ್ದನ್ನ ಅದರಾಗ ಬರ್ಕೋರಿ. ಐದು ಸಿಕ್ರ ಸಾಕು, ಶುರು ಮಾಡ್ರಿ.