ಕಣಗಿನಹಾಳದ ಪತ್ತಿನ ಸಂಘ



ಹತ್ತೊಂಬತ್ತನೆಯ ಶತಮಾನದ ಬ್ಯಾಂಕುಗಳ ಕಲ್ಲುಕಂಬದ ಮಂದಿರಗಳನ್ನು ಮಹಾನಗರಗಳು ಜತನದಿಂದ ಕಾಯ್ದುಕೊಂಡಿರುವುದು ಶ್ಲಾಘ್ಯವೇ ಸರಿ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲದ ರೈತನಿಗೆ ಆ ಕಾಲದಲ್ಲಿ ಸಾಹುಕಾರನ ಪಡಸಾಲೆಯೇ ಬ್ಯಾಂಕಾಗಿತ್ತೆಂಬುದನ್ನು ಮರೆಯಲಾಗದು. 1875ರಲ್ಲಿ ಪುಣೆ, ಅಹಮದನಗರ ಪ್ರಾಂತಗಳ ರೈತರು ಸಾಲಪತ್ರಗಳನ್ನು ಸುಟ್ಟು ದಂಗೆಯೆದ್ದುದರಿಂದ ಎಚ್ಚೆತ್ತ ಸರಕಾರವು 1879ರಲ್ಲಿ ಪರಿಹಾರದ ಕಾಯಿದೆಯೊಂದನ್ನು ರಚಿಸಿತಾದರೂ, ಸಾಲಕ್ಕೆ ಬೇರೊಂದು ಬಾಗಿಲು ತೆರೆದದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಿಂದ. ಹತ್ತು ಮಂದಿ ವಯಸ್ಕರು ಕೂಡಿದರೆ ಸಂಘ; ಗ್ರಾಮಸಂಘದ ಋಣಕ್ಕೆ ಸದಸ್ಯರೆಲ್ಲರೂ ಅಪರಿಮಿತವಾಗಿ ಹೊಣೆ. ಎಂತಹ ಧೈರ್ಯದ ವಿಧಿ!

ಈ ವಿಧಾನವನ್ನು ಜರ್ಮನಿಯಲ್ಲಿ ರೂಪಿಸಿದ ರೈಫೈಸನ್ನನ ಫ್ಲಾಮರ್ಸ್‌ಫೆಲ್ಡಿನ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ನಮ್ಮಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರ ಮೇ 8ರಂದು ನೋಂದಣಿಯಾದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿಯೇ ಪ್ರಥಮವೆಂಬ ಮನ್ನಣೆಯನ್ನು ಪಡೆದಿದೆ. ಪ್ರತಿಮೆಗೆ ವರ್ಷಕ್ಕೊಮ್ಮೆ ಮಾಲೆ ಹಾಕುವುದರಲ್ಲಿ ನಾವು ಜಾಣರು. ಲೆಕ್ಕದ ವಹಿಗೆ ಗೆದ್ದಲು ಹತ್ತಿದರೆ ಮಾತ್ರ ನಮಗೆ ಚಿಂತೆಯಿಲ್ಲ.

ಆದಕಾರಣ ನಮ್ಮ ಮೂರೂ ತಾಲೂಕುಗಳ ಹಳೆಯ ಸಂಘಗಳು ತಂತಮ್ಮ ಕಟ್ಟಡಗಳನ್ನು ಕೆಡಹುವ ಮುನ್ನ ಅಲ್ಲಿನ ಠರಾವು ಪುಸ್ತಕ, ಖಾತೆವಹಿ, ಕಬ್ಬಿಣದ ತಿಜೋರಿಗಳನ್ನು ಪಟ್ಟಿಮಾಡಿಸಬೇಕೆಂದೂ, ಸಹಕಾರ ಇಲಾಖೆಯು ಅವುಗಳಿಗಾಗಿ ಗದಗಿನಲ್ಲಿ ಒಂದು ಕೋಣೆಯನ್ನಾದರೂ ಮೀಸಲಿಡಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಬಿನ್ನವಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓದುಗನೊಬ್ಬ, ರೋಣ